ಇಲ್ಲಿ ಜನ ಉಂಟಾ?

“ರಾಜನ ಉಸಿರು ನಿಲ್ಲುವ ಮೊದಲೇ ಅಳಿಯ ಕಿರೀಟವನ್ನು ಎತ್ತಿಕೊಂಡ” ಎಂದುಬಿಟ್ಟ ಭೋಜ ಶೆಟ್ಟಿ ಪುಸ್ತಕದಿಂದ ತಲೆಯೆತ್ತಲಿಲ್ಲ.

“ಮಗ ಅಲ್ವಾ ಸರ್?” ಮುಂದಿನ ಬೆಂಚಿನಿಂದ ಮೋಕ್ಷಿತಾ ಕೇಳಿದಳು.

“ಮಗ.”

ತರಗತಿ ನಕ್ಕಿತು. ಇಪ್ಪತ್ತೆಂಟು ವರ್ಷಗಳಿಂದ ಮೂಡುಬಿದಿರೆಯ ಈ ಕಾಲೇಜಿನಲ್ಲಿ ಅದೇ ಹಳೆಯ ಇಂಗ್ಲಿಷ್ ಚಾರಿತ್ರಿಕ ನಾಟಕವನ್ನು ಅವನು ಕನ್ನಡದಲ್ಲಿ ವಿವರಿಸುತ್ತ ಬಂದಿದ್ದ. ಕುಲವೆಂದರೆ ಸಂಚು, ಮರ್ಯಾದೆಯೆಂದರೆ ಅದಕ್ಕೆ ಹೊದಿಸಿದ ಜರತಾರಿ ಎಂದು ಪ್ರತಿವರ್ಷವೂ ಅದೇ ಪುಟದಲ್ಲಿ ದನಿ ತಗ್ಗಿಸಿ ಹೇಳುತ್ತಿದ್ದ. ನಾಲಗೆಗೆ ಮಾತ್ರ ಬೇರೊಂದು ವಂಶಾವಳಿ ನೆನಪಿತ್ತು. ಅವನ ಕುಲದಲ್ಲಿ ಪಟ್ಟ ಮಗನಿಗಲ್ಲ, ಸೋದರಳಿಯನಿಗೆ.

ತೀರಿಕೊಂಡ ಸೋದರಮಾವನ ಮುಂಡಾಸನ್ನು ಇಂದು ನಾಲ್ಕು ಗಂಟೆಗೆ, ತಾಯಿಯ ಕುಲದ ಹಿರಿಮನೆಯಾದ ವೇಣೂರಿನ ಗುತ್ತಿನ ಮನೆಯಲ್ಲಿ, ಅವನ ತಲೆಗೆ ಕಟ್ಟಲಿದ್ದರು. ಆ ಯಜಮಾನಿಕೆ ಬೇಕೆಂದು ಅವನು ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ಕಳೆದ ವಾರ ಬಚ್ಚಲಿನ ಕನ್ನಡಿಯೆದುರು ಮೈ ಒರೆಸುವ ಬೈರಾಸನ್ನು ತಲೆಗೆ ಸುತ್ತಿ ನೋಡಿಕೊಂಡಿದ್ದ. ಕನ್ನಡಿಯಲ್ಲಿ, ಮಿಂದು ನಿಂತ ಮುದುಕನೊಬ್ಬ ಕಂಡಿದ್ದ.

“ಸರ್, ಕಿರೀಟ ಭಾರ ಅಂತ ಹೇಳುವ ರಾಜ ಅದನ್ನು ತಲೆದಿಂಬಿನ ಹತ್ತಿರವೇ ಯಾಕೆ ಇಟ್ಟುಕೊಳ್ತಾನೆ?”

“ಅದು ಪರೀಕ್ಷೆಗೆ ಬರುವುದಿಲ್ಲ.”

ಗಂಟೆಯಾಯಿತು. ದೃಶ್ಯ ಓದಲೆಂದು ಮಾಡಿದ್ದ ರಟ್ಟಿನ ಕಿರೀಟವನ್ನು ಮೋಕ್ಷಿತಾ ಅವನ ಕೈಗಿಟ್ಟಳು. “ನೀವೇ ತಕೊಂಡು ಹೋಗಿ ಸರ್. ಇಲ್ಲಿದ್ದರೆ ಗೆದ್ದಲು ಹಿಡೀತದೆ.”

ಬಸ್ಸಿನಲ್ಲಿ ಅದನ್ನು ಕಿಟಕಿಯ ಬದಿಯ ಸೀಟಿನಲ್ಲಿ ಒರಗಿಸಿ, ಪಕ್ಕದಲ್ಲಿ ಕುಳಿತ.

“ಇವತ್ತು ಆಟ ಉಂಟಾ ಮಾಷ್ಟ್ರೇ? ಯಾವ ವೇಷ?” ಯಕ್ಷಗಾನದ ಕಿರೀಟವೆಂದುಕೊಂಡು ಕಂಡಕ್ಟರ್ ವೆಂಕಪ್ಪ ಕೇಳಿದ.

“ಇನ್ನೂ ಗೊತ್ತಾಗಿಲ್ಲ.”

ಮಧ್ಯಾಹ್ನದ ಬಿಸಿಲು ಯಾರೋ ಅರ್ಧ ಕಂಡು ಬಿಟ್ಟ ಕನಸಿನಂತೆ ಗದ್ದೆಗಳ ಮೇಲೆ ಬಿದ್ದಿತ್ತು. ಫೋನು ಮಿಡಿಯಿತು. ತಂಗಿ ಪ್ರೇಮಾವತಿ.

“ಅಣ್ಣ, ಎಲ್ಲಿದ್ದಿ?”

“ಬಸ್ಸಲ್ಲಿ.”

“ನೀನು ನಾಲ್ಕಕ್ಕೆ ಮುಟ್ಟದಿದ್ದರೆ ರೋಹಿತನಿಗೇ ಕಟ್ಟುವ ಅಂತ ಹೇಳ್ತಿದ್ದಾರೆ.”

ರೋಹಿತ್ ಅವಳ ಮಗ.

“ಅವನು ದುಬೈಯಿಂದ ಯಾವಾಗ ಬಂದದ್ದು?”

“ನಿನ್ನೆ. ಸುಮ್ಮನೆ ಬಂದದ್ದು.”

“ಸುಮ್ಮನೆ.”

“ಎಂಥ ಮಾತಾಡುವುದು ಮಾರಾಯ ನೀನು… ಊಟ ಆಯ್ತಾ?”

“ಆಯ್ತು.” ಆಗಿರಲಿಲ್ಲ.

ಫೋನಿನಾಚೆ ಯಾರೋ ನಕ್ಕರು. ಪಾತ್ರೆಯೊಂದು ಕೆಳಗೆ ಬಿತ್ತು. ಹುಟ್ಟಿದ ಮನೆಯ ಸದ್ದು ಇಷ್ಟು ದೂರದಿಂದಲೇ ಹಿತವಾಗಿ ಕೇಳಿಸುತ್ತದೆ ಎಂದುಕೊಂಡ. ಹಾಗೆಂದುಕೊಂಡುದಕ್ಕೆ ನಾಚಿದ.

“ವೇಣೂರು! ಇಳಿಯುವವರು ಬೇಗ!”

ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಇಳಿದು ಬೇಗ ನಡೆದರೆ ಮುಟ್ಟಬಹುದು. ಚೀಲವನ್ನು ಹೆಗಲಿಗೇರಿಸಿದ. ಅಷ್ಟರಲ್ಲಿ ಹತ್ತಿದವರ ನಡುವಿನಿಂದ, ಬುಟ್ಟಿ ಹಿಡಿದ ಮುದುಕಿಯೊಬ್ಬಳು ಕಿಟಕಿಯ ಬದಿಯ ಸೀಟಿನತ್ತ ಕೈದೋರಿದಳು.

“ಇಲ್ಲಿ ಜನ ಉಂಟಾ?”

ಇಲ್ಲ ಎನ್ನಲು ಬಾಯಿ ತೆರೆದ.

“ಉಂಟು” ಎಂದ.

ಅವಳು ಕಿರೀಟವನ್ನು ನೋಡಿದಳು, ಅವನನ್ನು ನೋಡಿದಳು. ಅವನು ಎದ್ದ. ಇಳಿಯಲೆಂದೋ ಜಾಗ ಬಿಟ್ಟುಕೊಡಲೆಂದೋ ಅವನಿಗೇ ತಿಳಿಯಲಿಲ್ಲ. ಅವಳು ಅವನು ಬಿಟ್ಟ ಜಾಗದಲ್ಲಿ ಕುಳಿತಳು, ಕಿರೀಟಕ್ಕೆ ಸೆರಗು ತಾಗದಂತೆ ತುಸು ಸರಿದು.

ವೆಂಕಪ್ಪ ಸೀಟಿ ಊದಿದ. ಬಸ್ಸು ಹೊರಟಿತು.

ಮೇಲಿನ ಕಂಬಿ ಹಿಡಿದು ಭೋಜ ನಿಂತಿದ್ದ. ವೇಣೂರು ಹಿಂದುಳಿಯಿತು; ಮುಂದೆ ಗುರುವಾಯನಕೆರೆಯವರೆಗೂ ಬಸ್ಸು ತುಂಬಿಯೇ ಇತ್ತು. ಆ ಸೀಟನ್ನು ಮತ್ತೆ ಯಾರೂ ಕೇಳಲಿಲ್ಲ. ಕಿಟಕಿಗೆ ಒರಗಿದ ರಟ್ಟಿನ ಕಿರೀಟದ ನಡುವಿನ ಖಾಲಿಯಲ್ಲಿ ಗದ್ದೆ, ಮನೆ, ಮರ ಒಂದೊಂದಾಗಿ ಬಂದು, ಒಂದು ಕ್ಷಣ ತಲೆಯಷ್ಟಾಗಿ ನಿಂತು, ಜಾರಿಹೋಗುತ್ತಿದ್ದವು.