ಸೀಟಿನ ಕೆಳಗಿನ ಜಾಯಿಂಟು

ಶಂಕರನ ಬಾಯಿಗೇ ಹೊಡೆಯಬೇಕೆಂದು ಧರ್ಮೇಂದ್ರ ಕಾರು ಪಾಂಡವಪುರ ದಾಟುವುದರೊಳಗೆ ತೀರ್ಮಾನ ಮಾಡಿಬಿಟ್ಟಿದ್ದ. ಕೈಗಲ್ಲ, ಕಾಲಿಗಲ್ಲ, ಬೆನ್ನಿಗಲ್ಲ, ಬಾಯಿಗೇ. ಅದೂ ಅವನು ಬಾಯಿ ಬಿಡುವುದಕ್ಕೆ ಮೊದಲು.

ಮುಂದಿನ ಸೀಟಿನಲ್ಲಿ ಅವನ ಹೆಂಡತಿಯ ಅಣ್ಣ ನರಸಯ್ಯ ಕೂತಿದ್ದ. ತಾತನ ಹೆಸರು ಹೊತ್ತಿದ್ದರೂ ವಯಸ್ಸು ಮೂವತ್ತೆಂಟು. ಕಬ್ಬು ಕಡಿದು ಕಡಿದು ತೋಳು ಕೊರಡಿನಂತಾಗಿತ್ತು. ಅವನ ಕಾಲ ಸಂದಿಯಲ್ಲಿ ಗೋಣಿಚೀಲ ಸುತ್ತಿದ ಮಚ್ಚಿತ್ತು. ಅದನ್ನು ತರುವುದಕ್ಕೆಂದೇ ಪಾಂಡವಪುರದ ಪಕ್ಕದ ಅವರೂರಿನಲ್ಲಿ ಎರಡು ನಿಮಿಷ ಕಾರು ನಿಲ್ಲಿಸಿದ್ದರು. ಕಾರು ಓಡಿಸುತ್ತಿದ್ದ ಅವನ ತಮ್ಮ ಅಪ್ಪು ನಿನ್ನೆಯಿಂದ ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದ. ನರಸಯ್ಯನಿಗೆ ತಂಗಿ, ಅಪ್ಪುವಿಗೆ ಅಕ್ಕ, ಧರ್ಮೇಂದ್ರನಿಗೆ ಹೆಂಡತಿಯಾದ ಪ್ರಿಯಾಂಕ ಮೈಸೂರಿನ ಆಸ್ಪತ್ರೆಯಲ್ಲಿ ಎರಡೂ ಕೈಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿಸಿಕೊಂಡು ಮಲಗಿದ್ದಳು. ಅವಳನ್ನು ಸುಟ್ಟಿದ್ದು ಧರ್ಮೇಂದ್ರ ಕೆ.ಆರ್. ಪೇಟೆಯ ಶಂಕರನಿಂದ ಕೊಂಡು ತಂದ ಹಳೆಯ ಗ್ಯಾಸ್ ಪಿಕಪ್ಪು.

"ಸೋರೋ ಗಾಡಿನ ಮುಚ್ಚಿಟ್ಟು ಮಾರವ್ನೆ ಅಂದ್ರೆ ಅವ್ನೆಂಥಾ ಸೂಳೆಮಗ ಇರ್ಬೇಕು!" ಎಂದ ಅಪ್ಪು, ಸ್ಟೇರಿಂಗನ್ನು ಗುದ್ದುತ್ತಾ.

ಶಂಕರ ಏನನ್ನೂ ಮುಚ್ಚಿಟ್ಟಿರಲಿಲ್ಲ. ಅದು ಶಂಕರನಿಗೆ ಗೊತ್ತಿತ್ತು, ಧರ್ಮೇಂದ್ರನಿಗೆ ಗೊತ್ತಿತ್ತು, ಭೂಮಿಯ ಮೇಲೆ ಮೂರನೆಯವರಿಗೆ ಗೊತ್ತಿರಲಿಲ್ಲ. ಮೂರನೆಯವನಾಗಿ ನರಸಯ್ಯನಿಗೆ ಗೊತ್ತಾದರೆ ಆ ಮಚ್ಚು ಯಾವ ಕಡೆ ತಿರುಗುತ್ತದೆ ಎಂಬುದನ್ನು ಧರ್ಮೇಂದ್ರನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಂಟು ದಿನದ ಹಿಂದೆ ನಡೆದದ್ದಿಷ್ಟು. ನಾಗಮಂಗಲದ ಆಚೆಯ ಹಳ್ಳಿಯವನಾದ ಧರ್ಮೇಂದ್ರ ಹನ್ನೆರಡು ವರ್ಷ ಯಾರದೋ ಗಾಡಿಯಲ್ಲಿ ಯಾರದೋ ಎಳನೀರು ಹೇರಿಕೊಂಡು ಶ್ರೀರಂಗಪಟ್ಟಣದ ಹೈವೇ ಅಂಗಡಿಗಳಿಗೆ ಇಳಿಸಿಕೊಂಡು ಬಂದಿದ್ದ. ಸ್ವಂತ ಗಾಡಿ ಬೇಕು ಎಂಬ ಹುಚ್ಚು ತಲೆಗೇರಿತ್ತು. ಕೆ.ಆರ್. ಪೇಟೆಯಲ್ಲಿ ಹಳೇ ಗಾಡಿ ಮಾರುವ ಶಂಕರನ ಹತ್ತಿರ ಅಗ್ಗಕ್ಕೊಂದು ಸಿಎನ್‌ಜಿ ಪಿಕಪ್ಪಿದೆ ಎಂದು ಕೇಳಿ ಓಡಿದ್ದ. ಶಂಕರ ಡ್ರೈವರ್ ಸೀಟು ಎತ್ತಿ, ಕೆಳಗೆ ಹಾದುಹೋಗಿದ್ದ ಗ್ಯಾಸ್ ಪೈಪಿನ ಜಾಯಿಂಟಿಗೆ ಸೋಪಿನ ನೊರೆ ಹಚ್ಚಿ ತೋರಿಸಿದ್ದ. ನೊರೆ ಗುಳ್ಳೆಗುಳ್ಳೆಯಾಗಿ ಉಬ್ಬಿತ್ತು.

"ನೋಡಣ್ಣ, ಇಂಜಿನ್ನು ಮಾತಾಡಂಗಿಲ್ಲ. ಸಿಲಿಂಡರೂ ಟೆಸ್ಟ್ ಆಗದೆ. ಆದ್ರೆ ಈ ಜಾಯಿಂಟ್ ಸೋರ್ತದೆ. ಟ್ಯಾಂಕು ಕಮ್ಮಿ ಇದ್ದಾಗ ಗೊತ್ತಾಗಕಿಲ್ಲ, ಫುಲ್ ಮಾಡುಸುದ್ರೆ ಬುಸುಗುಟ್ತದೆ. ಎರಡು ದಿನ ತಡಿ, ಮೈಸೂರಲ್ಲಿ ನಾನೇ ಹೊಸದು ಹಾಕ್ಸ್ಕೊಡ್ತೀನಿ."

ಧರ್ಮೇಂದ್ರನ ಕಣ್ಣು ಮಿನುಗಿದ್ದು ಆಗಲೇ. ಇಷ್ಟು ಒಳ್ಳೆಯ ಹುಳುಕು ಕೈಗೆ ಸಿಕ್ಕರೆ ಬಿಡುವವನುಂಟೆ? "ಸೋರ್ತದೆ ಅಂದ್ಮೇಲೆ ಇಪ್ಪತ್ತು ಸಾವ್ರ ಇಳುಸು. ನಾನೇ ಮಾಡುಸ್ಕತೀನಿ," ಎಂದ. ಶಂಕರ ಗೊಣಗಿದ, ಕೊನೆಗೆ ಇಳಿಸಿದ. "ಮಾಡುಸ್ದೆ ಇದ್ದು ಫುಲ್ ಟ್ಯಾಂಕ್ ಹಾಕ್ಸ್ಬ್ಯಾಡ ಮತ್ತೆ," ಎಂದು ಗೇಟಿನವರೆಗೂ ಬಂದು ಹೇಳಿದ. ದೇವರಾಣೆ ನಾಳೆಯೇ ಮಾಡಿಸುತ್ತೇನೆ ಎಂದು ಧರ್ಮೇಂದ್ರ ಹಾರ್ನು ಹೊಡೆದುಕೊಂಡು ಹೊರಟ.

ನಾಳೆ ಬಂತು, ಹೋಯಿತು. ಧರ್ಮೇಂದ್ರನ ಮನೆಯಲ್ಲಿ ಒಂದು ನಂಬಿಕೆ: ಪೂಜೆಯಾಗದ ಗಾಡಿಗೆ ಸ್ಪ್ಯಾನರ್ ಮುಟ್ಟಿಸಬಾರದು, ಮುಟ್ಟಿಸಿದರೆ ಆ ಗಾಡಿ ಆಯಸ್ಸಿಡೀ ಗ್ಯಾರೇಜಿನಲ್ಲೇ ಕಳೆಯುತ್ತದೆ. ಇನ್ನೊಂದು ನಂಬಿಕೆ: ಖಾಲಿ ಟ್ಯಾಂಕಿನ ಗಾಡಿಯನ್ನು ದೇವರ ಮುಂದೆ ನಿಲ್ಲಿಸಬಾರದು. ಅಲ್ಲಿಗೆ ರಿಪೇರಿ ಪೂಜೆಯ ನಂತರ ಎಂದಾಯಿತು, ಗ್ಯಾಸು ಪೂಜೆಗೆ ಮೊದಲು ಎಂದಾಯಿತು. ಶನಿವಾರ ಕರಿಘಟ್ಟದ ದೇವಸ್ಥಾನಕ್ಕೆ ಗಾಡಿಪೂಜೆಗೆಂದು ಹೋಗುವಾಗ ಶ್ರೀರಂಗಪಟ್ಟಣದ ಬಂಕಿನಲ್ಲಿ ಟ್ಯಾಂಕು ಭರ್ತಿ ಮಾಡಿಸಿದ. ಸೀಟಿನ ಕೆಳಗೆ ಬುಸುಬುಸು ಶುರುವಾಯಿತು.

"ಏನೋ ವಾಸ್ನೆ ಕಣ್ರೀ," ಎಂದಿದ್ದಳು ಪ್ರಿಯಾಂಕ.

"ಗ್ಯಾಸ್ ಗಾಡೀಲಿ ಗ್ಯಾಸ್ ವಾಸ್ನೆ ಬರ್ದೆ ಮಲ್ಲಿಗೆ ವಾಸ್ನೆ ಬತ್ತದಾ? ಸುಮ್ನೆ ಕೂತ್ಕೊ," ಎಂದು ಗದರಿದ್ದ.

ಬೆಟ್ಟದ ಮೇಲೆ ನರಸಯ್ಯ, ಅಪ್ಪು ಬೈಕಿನಲ್ಲಿ ಬಂದು ಕಾಯುತ್ತಿದ್ದರು. ಭಾವಮೈದುನರ ಮೂಗಿಗೆ ವಾಸನೆ ಬಡಿದರೆ ಮರ್ಯಾದೆ ಹೋಗುತ್ತದೆಂದು ಧರ್ಮೇಂದ್ರ ಎರಡೂ ಗ್ಲಾಸು ಬಿಗಿಯಾಗಿ ಏರಿಸಿ, ಬಾಗಿಲು ಹಾಕಿ, ಎಲ್ಲರನ್ನೂ ದೇವಸ್ಥಾನದೊಳಗೆ ಕರೆದುಕೊಂಡು ಹೋದ. ಪಿಕಪ್ಪು ಒಂದು ಗಂಟೆ ಉರಿಬಿಸಿಲಿನಲ್ಲಿ ನಿಂತಿತ್ತು. ವಾಪಸು ಬಂದು ನಾಲ್ಕು ಗಾಲಿಗೂ ನಿಂಬೆಹಣ್ಣಿಟ್ಟು, ಬಾನೆಟ್ಟಿಗೆ ಕುಂಕುಮವಿಟ್ಟು, ಪ್ರಿಯಾಂಕ ತಟ್ಟೆಯಲ್ಲಿ ಕರ್ಪೂರ ಹಚ್ಚಿದಳು. ಗಾಡಿಗೆ ಮೂರು ಸುತ್ತು ಬಂದಳು.

"ಒಳ್ಗೆ ಸ್ಟೇರಿಂಗ್ಗೂ ಒಂದು ಬೆಳಗ್ಬುಡು," ಎಂದು ಬಾಗಿಲು ತೆಗೆದವನು ಧರ್ಮೇಂದ್ರನೇ. ಅವಳು ತಟ್ಟೆಯನ್ನು ಒಳಗೆ ಚಾಚಿದಳು.

ಭಗ್ ಎಂದಿತು. ಕ್ಯಾಬಿನ್ನಿನೊಳಗೆ ತುಂಬಿಕೊಂಡಿದ್ದೆಲ್ಲ ಒಂದೇ ಸಲ ಬೆಂಕಿಯಾಗಿ ಅವಳ ಕೈಗಳನ್ನು, ಗದ್ದವನ್ನು, ಸೀರೆಯ ಸೆರಗನ್ನು ಹಿಡಿಯಿತು. ಅವಳು ಕಿರುಚಿದ್ದು ಕೆಳಗೆ ಹೊಳೆಯವರೆಗೂ ಕೇಳಿರಬೇಕು. ಅಪ್ಪು ಹಾರಿ ಅವಳನ್ನು ಕೆಡವಿ ಮಣ್ಣಿನಲ್ಲಿ ಹೊರಳಿಸಿದ, ನರಸಯ್ಯ ಬರಿಗೈಯಲ್ಲಿ ಉರಿಯುವ ಸೆರಗನ್ನು ಹರಿದು ಎಸೆದ. ಧರ್ಮೇಂದ್ರ? ಧರ್ಮೇಂದ್ರನ ಕಾಲು ಎರಡು ಹೆಜ್ಜೆ ಹಿಂದಕ್ಕೆ ಹೋಗಿತ್ತು. ಕಟ್ಟಿಕೊಂಡ ಹೆಂಡತಿ ಕಣ್ಣೆದುರೇ ಉರಿಯುತ್ತಿರುವಾಗ ಹಿಂದಕ್ಕೆ ಹೋದ ಆ ಕಾಲುಗಳನ್ನು ಅವನು ಆಮೇಲೆ ನೂರು ಸಲ ಶಪಿಸಿಕೊಂಡ.

ಮರಳೆರಚಿ ಗಾಡಿಯ ಬೆಂಕಿ ಆರಿಸಿದ ಮೇಲೆ ನರಸಯ್ಯ ಅವನ ಕತ್ತಿನಪಟ್ಟಿ ಹಿಡಿದ. "ಗ್ಯಾಸ್ ಸೋರ್ತಿತ್ತೇನ್ಲಾ? ನಿಂಗೆ ಗೊತ್ತಿತ್ತಾ?"

"ನಂಗೊತ್ತಿಲ್ಲ ಬಾವ. ಆ ಶಂಕ್ರ ಮುಚ್ಚಿಟ್ಟು ಮಾರ್ಬುಟ್ಟ."

ಯೋಚಿಸಿ ಹೇಳಿದ ಸುಳ್ಳಲ್ಲ ಅದು. ಹೆದರಿಕೆಗೆ ತಾನಾಗಿ ಉದುರಿದ್ದು. ಉದುರಿದ ಮೇಲೆ ಅದನ್ನು ಕಾಯುವುದೇ ಅವನ ಕೆಲಸವಾಗಿಹೋಯಿತು.

ಕಾರು ಶಂಕರನ ಗೇಟಿನ ಮುಂದೆ ನಿಂತಾಗ ಹನ್ನೊಂದು ಗಂಟೆ. ಐದಾರು ಹಳೇ ಗಾಡಿಗಳ ಮಧ್ಯೆ ಶಂಕರ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ. ಧರ್ಮೇಂದ್ರನನ್ನು ಕಂಡು ನಗುನಗುತ್ತಾ ಎದ್ದ.

"ಬಾರಣ್ಣ, ಎಂಗೋಡ್ತಾ ಅದೆ ಗಾಡಿ? ಆ ಜಾಯಿಂ—"

ಧರ್ಮೇಂದ್ರ ಗುದ್ದಿದ. ಮೊದಲ ಗುದ್ದಿಗೇ ತುಟಿ ಸೀಳಿತು. ಶಂಕರ ಟೀ ಲೋಟದ ಸಮೇತ ಹಿಂದಕ್ಕೆ ಬಿದ್ದ. ಧರ್ಮೇಂದ್ರ ಅವನ ಎದೆಯ ಮೇಲೆ ಕೂತು ಮತ್ತೆ ಗುದ್ದಿದ, ಮತ್ತೆ ಗುದ್ದಿದ. "ನನ್ ಎಂಡ್ರುನ್ನ ಸುಟ್ಬುಟ್ಟಲ್ಲೋ!" ಎಂದು ಅರಚುತ್ತಿದ್ದ. ಆ ಅರಚಾಟದಲ್ಲಿ ಸಂಕಟ ನಿಜವಾಗಿತ್ತು, ಆರೋಪ ಮಾತ್ರ ಸುಳ್ಳಾಗಿತ್ತು. ಶಂಕರ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡು "ನಾನ್ ಹೇ... ಹೇಳಿ..." ಎಂದು ಒದ್ದಾಡಿದ. ಧರ್ಮೇಂದ್ರ ಕೈಗೆ ಸಿಕ್ಕ ವೀಲ್ ಸ್ಪ್ಯಾನರ್ ಎತ್ತಿಕೊಂಡು ಆ ಮಾತಿನ ಮೇಲೆಯೇ ಬಾರಿಸಿದ. ಲಟಕ್ಕೆಂದಿತು. ಮುಂದಿನ ಹಲ್ಲು ಎರಡು ರಕ್ತದೊಂದಿಗೆ ಹೊರಬಂದವು, ದವಡೆ ಒಂದು ಕಡೆಗೆ ಜೋತುಬಿತ್ತು. ಅಲ್ಲಿಗೆ ಶಂಕರನ ಬಾಯಿಂದ ಬರುವುದು ಬರೀ ಗೊರಗೊರ ಸದ್ದಾಯಿತು. ಕೆಲಸ ಮುಗಿಯಿತು ಎಂದುಕೊಂಡ ಧರ್ಮೇಂದ್ರ, ಏದುಸಿರು ಬಿಡುತ್ತಾ ಎದ್ದ.

ಮುಗಿದಿರಲಿಲ್ಲ.

ನರಸಯ್ಯ ಗೋಣಿ ಬಿಚ್ಚಿದ. ಪಕ್ಕದ ಟೈರ್ ಅಂಗಡಿಯವರು ನಾಲ್ಕು ಹೆಜ್ಜೆ ಮುಂದೆ ಬಂದವರು ಮಚ್ಚು ಕಂಡು ಎಂಟು ಹೆಜ್ಜೆ ಹಿಂದಕ್ಕೆ ಹೋದರು. "ಅಪ್ಪು, ಇವ್ನ ಬಲಗೈ ಹಿಡ್ಕೊ," ಎಂದ ನರಸಯ್ಯ, ಕೂಗಾಡದೆ, ಗದ್ದೆಯಲ್ಲಿ ಕೆಲಸ ಹಂಚುವವನ ದನಿಯಲ್ಲಿ. ಅಪ್ಪು ಶಂಕರನನ್ನು ಎಳೆದು ಒಂದು ಹಳೇ ಟೆಂಪೋದ ಹಿಂಬಾಗಿಲ ಹಲಗೆಯ ಮೇಲೆ ಅವನ ಕೈ ಒತ್ತಿ ಹಿಡಿದ.

"ನನ್ ತಂಗಿ ಎರಡು ಕೈನೂ ಸುಟ್ಟೆ. ನಾನು ಒಂದೇ ತಗೋತೀನಿ."

ಶಂಕರ ತಲೆ ಅಲ್ಲಾಡಿಸಿದ. ಗೊರಗೊರ ಎಂದ. ಅವನು ನರಸಯ್ಯನನ್ನು ನೋಡುತ್ತಿರಲಿಲ್ಲ, ಮಚ್ಚನ್ನೂ ನೋಡುತ್ತಿರಲಿಲ್ಲ. ರಕ್ತ ಇಳಿಯುತ್ತಿದ್ದ ಮುಖದಲ್ಲಿ ಎರಡು ಕಣ್ಣು ಧರ್ಮೇಂದ್ರನನ್ನೇ ನೋಡುತ್ತಿದ್ದವು. ಹೇಳು ಎನ್ನುತ್ತಿದ್ದವು. ನನ್ನ ಬಾಯಿ ನೀನು ಮುರಿದೆಯಲ್ಲ, ನಿನ್ನ ಬಾಯಿ ಇದೆಯಲ್ಲ, ಹೇಳು.

ಸುಮ್ಮನಿದ್ದರೆ ಸಾಕಿತ್ತು. ಮಚ್ಚು ಬೀಳುತ್ತಿತ್ತು, ಕೈ ಹೋಗುತ್ತಿತ್ತು, ನರಸಯ್ಯ ಜೈಲಿಗೆ ಹೋಗುತ್ತಿದ್ದ, ಧರ್ಮೇಂದ್ರ ಹೆಂಡತಿಗಾಗಿ ಬಡಿದಾಡಿದ ಗಂಡನಾಗಿ ಊರಿನಲ್ಲಿ ತಿರುಗುತ್ತಿದ್ದ. ಅವನು ಅದನ್ನೆಲ್ಲ ಯೋಚಿಸಿದ ಎಂಬುದೇ ನಾಚಿಕೆಗೇಡು. ಮಚ್ಚು ಮೇಲೆದ್ದಾಗ ಅವನ ಕಾಲು ಮತ್ತೆ ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು. ಆ ಹೆಜ್ಜೆ ಅವನಿಗೇ ಗೊತ್ತಾಯಿತು, ಹೇಸಿಗೆಯಾಯಿತು. ಹೋಗಿ ನರಸಯ್ಯನ ತೋಳಿಗೆ ಜೋತುಬಿದ್ದ.

"ಬುಡು ಬಾವ! ಅವ್ನು ಹೇಳಿದ್ದ. ಸೋರ್ತದೆ ಅಂತ ಹೇಳೇ ಕೊಟ್ಟಿದ್ದ. ನೊರೆ ಹಾಕಿ ತೋರ್ಸಿದ್ದ. ಇಪ್ಪತ್ತು ಸಾವ್ರಕ್ಕೆ ಆಸೆಬಿದ್ದು ನಾನೇ..."

ನರಸಯ್ಯ ಅವನ ಮುಖ ನೋಡಿದ. "ಮತ್ಯಾಕ್ಲಾ ಇವನಿಗೆ ಇಂಗೆ ಹೊಡ್ದೆ?"

ನರಸಯ್ಯನ ಕಣ್ಣು ಶಂಕರನ ಜೋತುಬಿದ್ದ ದವಡೆಗೆ ಹೋಯಿತು, ಸ್ಪ್ಯಾನರಿಗೆ ಹೋಯಿತು, ಧರ್ಮೇಂದ್ರನಿಗೆ ಬಂತು. ಅರ್ಥವಾಯಿತು. ಮಚ್ಚನ್ನು ದೂರಕ್ಕೆ ಎಸೆದ. ಕೈಯಲ್ಲಿ ಅದಿದ್ದರೆ ತಾನೇನು ಮಾಡುತ್ತೇನೆಂದು ಅವನಿಗೆ ಗೊತ್ತಿತ್ತು.

ಆಮೇಲೆ ಹೊಡೆದ. ಕಪಾಳಕ್ಕೆ, ಮೂಗಿಗೆ, ಹೊಟ್ಟೆಗೆ. ಬಿದ್ದವನನ್ನು ಎತ್ತಿ ನಿಲ್ಲಿಸಿ ಮತ್ತೆ ಕೆಡವಿದ. ಅಪ್ಪು ಶಂಕರನ ಕೈ ಬಿಟ್ಟು ಓಡಿಬಂದು, ಅಳುತ್ತಾ ಅಳುತ್ತಾ, ಪಕ್ಕೆಗೆ ಒದ್ದ. "ನಮ್ಮಕ್ಕಂಗೆ ಬಾಗ್ಲು ತಗ್ದೋನು ನೀನೇ ಅಲ್ವೇನೋ! ನೀನೇ ಅಲ್ವಾ!" ಪಕ್ಕೆಲುಬು ಮುರಿದದ್ದು ಧರ್ಮೇಂದ್ರನಿಗೆ ಒಳಗಿನಿಂದ ಕೇಳಿಸಿತು. ಅವನು ಕೈ ಅಡ್ಡ ಹಿಡಿಯಲಿಲ್ಲ. ಶಂಕರನನ್ನು ಆಟೋ ಹತ್ತಿಸಲು ಓಡಿಬಂದ ಟೈರ್ ಅಂಗಡಿಯವರು ಇವನ ಕಡೆ ತಿರುಗಿಯೂ ನೋಡಲಿಲ್ಲ, ಅದು ಸರಿಯಾಗಿಯೇ ಇತ್ತು.

ಸುಸ್ತಾದಾಗ ನರಸಯ್ಯ ನಿಲ್ಲಿಸಿದ. ಮಚ್ಚು ಹುಡುಕಿ ಗೋಣಿ ಸುತ್ತಿಕೊಂಡ. "ಅವ್ಳಿಗೆ ನಾನು ಹೇಳಕಿಲ್ಲ. ನೀನೇ ಹೇಳು. ನೀನು ಹೇಳ್ಲಿಲ್ಲ ಅಂತ ಗೊತ್ತಾಯ್ತೋ, ಅವತ್ತು ಇದನ್ನ ಎಸೆಯಾಕಿಲ್ಲ ನಾನು." ಅಣ್ಣತಮ್ಮಂದಿರು ಕಾರು ಹತ್ತಿ ಹೊರಟುಹೋದರು.

ಧರ್ಮೇಂದ್ರ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಸ್‌ಸ್ಟ್ಯಾಂಡಿಗೆ ನಡೆದ. ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ಅವನನ್ನು ನೋಡಿ ಎದ್ದು ಹಿಂದಿನ ಸೀಟಿಗೆ ಹೋದಳು. ಉಸಿರು ಎಳೆದಾಗಲೆಲ್ಲ ಪಕ್ಕೆಯಲ್ಲಿ ಚುಚ್ಚುತ್ತಿತ್ತು. ಪೊಲೀಸರು ನಾಳೆಯೋ ನಾಡಿದ್ದೋ ಬಂದೇ ಬರುತ್ತಾರೆ, ಬರಲಿ ಎಂದುಕೊಂಡ. ಅವರಿಗಿಂತ ಮೊದಲು ಅವಳ ಹತ್ತಿರ ತಲುಪಬೇಕಾಗಿತ್ತು, ಅಷ್ಟೇ.

ವಾರ್ಡಿನಲ್ಲಿ ಪ್ರಿಯಾಂಕ ಎಚ್ಚರವಾಗಿದ್ದಳು. ಎರಡೂ ಕೈಗಳನ್ನು ದಿಂಬಿನ ಮೇಲೆ ಎತ್ತಿಟ್ಟಿದ್ದರು. ಗದ್ದಕ್ಕೆ ಬಿಳಿ ಮುಲಾಮು ಬಳಿದಿದ್ದರು. ಗಂಡನ ಮುಖ ಕಂಡದ್ದೇ ತನ್ನ ಉರಿ ಮರೆತು ಎದ್ದೇಳಲು ನೋಡಿದಳು.

"ಅಯ್ಯೋ, ಯಾರ್ರೀ ನಿಮ್ಗೆ ಇಂಗೆ ಬಡ್ದೋರು? ಆ ಶಂಕ್ರನಾ? ಅವ್ನ ಕೈ ಸೇದೋಗ!"

"ಅವ್ನಲ್ಲ. ನಿಮ್ಮಣ್ಣ. ಅಪ್ಪು."

ಅವಳಿಗೆ ಅರ್ಥವಾಗಲಿಲ್ಲ. ಧರ್ಮೇಂದ್ರ ಮಂಚದ ಪಕ್ಕ ನೆಲದ ಮೇಲೆ ಕೂತ. ಊದಿದ ತುಟಿಯಲ್ಲಿ ಹೇಳಿದ, ಒಂದನ್ನೂ ಬಿಡದೆ: ಸೋಪಿನ ನೊರೆ, ಇಪ್ಪತ್ತು ಸಾವಿರ, ಏರಿಸಿದ ಗ್ಲಾಸು, ಹಿಂದಕ್ಕೆ ಇಟ್ಟ ಎರಡು ಹೆಜ್ಜೆ, ಶಂಕರನ ದವಡೆ. ಪಕ್ಕದ ಮಂಚದ ಮುದುಕಿ ಕೇಳಿಸಿಕೊಳ್ಳುತ್ತಿದ್ದಾಳೆಂಬುದನ್ನೂ ಅವನು ಲೆಕ್ಕಿಸಲಿಲ್ಲ.

ಮುಗಿದ ಮೇಲೆ ಪ್ರಿಯಾಂಕ ತನ್ನ ಬ್ಯಾಂಡೇಜಿನ ಕೈಗಳನ್ನು ನೋಡಿಕೊಂಡಳು. ಬಲಗೈ ಎತ್ತಲು ಹೋದಳು, ಅದು ದಿಂಬು ಬಿಟ್ಟು ನಾಲ್ಕು ಬೆರಳಷ್ಟೂ ಮೇಲೇಳಲಿಲ್ಲ. ನೋವಿಗೆ ಕಣ್ಣಲ್ಲಿ ನೀರು ತುಂಬಿತು.

"ಅವ್ರು ಹೊಡ್ದಿದ್ದು ಅವ್ರ್ ಲೆಕ್ಕ," ಎಂದಳು. "ನಂದು ಹಂಗೇ ಅದೆ. ಈ ಕೈ ವಾಸಿ ಆಗ್ಲಿ, ತಡಿ."