ಕೂರುವ ಕೆಲಸ

ಬಕೆಟ್ಟಿನ ಹಿಡಿಯನ್ನು ಮಗಳು ತನ್ನ ಕಡೆಗೆ ಎಳೆದಳು, ಮೇಷ್ಟ್ರು ಬಿಡಲಿಲ್ಲ. ನೀರು ತುಳುಕಿ ಹೊಸ್ತಿಲ ಆಚೆ ಬಿಟ್ಟಿದ್ದ ಚಪ್ಪಲಿಗಳೆಲ್ಲ ತೊಯ್ದುಹೋದವು.

"ಬೇಡ ಅಂದ್ರೆ ಬೇಡ, ಮೇಷ್ಟ್ರೇ. ಎಷ್ಟು ಸಲ ಹೇಳ್ಬೇಕು?"

"ಸ್ವಲ್ಪ ಹೊತ್ತಿನ ಕೆಲಸ ಅಮ್ಮಾ. ಮುಖಕ್ಕೆ ಎಣ್ಣೆ ಸವರಿ, ಪ್ಲಾಸ್ಟರ್ ಹಾಕಿ, ಗಟ್ಟಿಯಾದ ಮೇಲೆ ಎತ್ತಿಬಿಡ್ತೀನಿ. ಒಂದೇ ಒಂದು ಅಚ್ಚು. ಗಾಡಿ ಬರೋಕೆ ಇನ್ನೂ ಹೊತ್ತಿದೆ."

"ಬದುಕಿದ್ದಾಗ ಹಿಂಡಿದ್ದು ಸಾಕಾಗ್ಲಿಲ್ವಾ? ಈಗ ಮುಖವೂ ಬೇಕಾ?"

ಒಳಗೆ ಕೂತವರೆಲ್ಲ ಇತ್ತ ತಿರುಗಿದರು. ಕಿಟಕಿಯ ಪಕ್ಕದ ಮಂಚದ ಮೇಲೆ ಅವಳ ಅಪ್ಪ ಕುತ್ತಿಗೆಯವರೆಗೆ ಬಿಳಿ ಬಟ್ಟೆ ಹೊದ್ದು ಮಲಗಿದ್ದ. ಕಲಾಶಾಲೆಯಲ್ಲಿ ಅವನಿಗೆ ಬಂಡೆ ಎಂದು ಹೆಸರು. ಚಿತ್ರ ಬರೆಯುವವರ ಎದುರು, ಮಣ್ಣಿನಲ್ಲಿ ಮೂರ್ತಿ ಮಾಡುವವರ ಎದುರು ಅಲುಗಾಡದೆ ಕೂರುವುದು ಅವನ ಕೆಲಸ. ಮೀಸೆ ಮೂಡುವ ಮೊದಲೇ ಹಿಡಿದ ಆ ಕೆಲಸವನ್ನು ಹೋದ ವಾರದವರೆಗೂ ಬಿಟ್ಟಿರಲಿಲ್ಲ.

ಅತ್ತೆ, ಎಂದರೆ ಅಪ್ಪನ ತಂಗಿ, ಬಂದು ಬಕೆಟ್ಟನ್ನು ಇಬ್ಬರ ಕೈಯಿಂದಲೂ ಬಿಡಿಸಿ ಗೋಡೆಯ ಪಕ್ಕಕ್ಕೆ ಇಟ್ಟಳು. "ಇವತ್ತೊಂದು ದಿನ ಕಾಲು ಕೆರೆದು ಜಗಳಕ್ಕೆ ನಿಲ್ಲಬೇಡ ಕಣೇ. ಜನ ನೋಡ್ತಿದಾರೆ."

"ನೋಡ್ಲಿ! ನೋಡೋದೇ ತಾನೆ ಇವರೆಲ್ಲರ ಕಸುಬು?"

*

ಬಂಡೆ ಮನೆಯಲ್ಲಿ ಮಾತ್ರ ಒಂದು ಕಡೆ ಕೂತವನಲ್ಲ. ಊಟದ ತಟ್ಟೆಯನ್ನು ಕೈಯಲ್ಲಿ ಹಿಡಿದೇ ಓಡಾಡುತ್ತಿದ್ದ. ಕೂತು ತಿನ್ನಬಾರದೇ ಎಂದರೆ, "ಕೂರೋಕೆ ಸಂಬಳ ತಗೊಳ್ಳೋನು ಪುಕ್ಕಟೆ ಯಾಕೆ ಕೂರ್ಲಿ?" ಎಂದು ನಗುತ್ತಿದ್ದ. ಮಗಳು ಚಿಕ್ಕವಳಾಗಿದ್ದಾಗ ಒಂದು ಸಲ ಅವನ ಚಿತ್ರ ಬರೆಯಲು ಹೊರಟಿದ್ದಳು. ಕಿವಿ ಬರೆದು ಮೂಗಿಗೆ ಬರುವಷ್ಟರಲ್ಲಿ ಅವನೆದ್ದು ಸೋರುವ ನಲ್ಲಿ ಸರಿಮಾಡಲು ಹೋಗಿದ್ದ.

ಶಾಲೆಯಲ್ಲಿ ಟೀಚರು, ನಿಮ್ಮಪ್ಪ ಏನು ಮಾಡ್ತಾರೆ ಎಂದು ಕೇಳಿದ್ದರು. "ಕೂರ್ತಾರೆ" ಎಂದಿದ್ದಳು. ಇಡೀ ತರಗತಿ ಬಿದ್ದು ಬಿದ್ದು ನಕ್ಕಿತ್ತು. ಅಂದಿನಿಂದ ಅವಳು ಅಪ್ಪನ ಕೆಲಸದ ಮಾತೆತ್ತಿದವರ ಮೇಲೆಲ್ಲ ಹರಿಹಾಯುತ್ತಿದ್ದಳು, ಅಪ್ಪನ ಮೇಲೂ.

ಹೋದ ವಾರ, ಅವನು ಜ್ವರದಲ್ಲೇ ಅಂಗಿ ಹಾಕಿಕೊಂಡು ಹೊರಟಾಗ, ಅವಳು ಬಾಗಿಲಿಗೆ ಅಡ್ಡ ನಿಂತಿದ್ದಳು.

"ಮೈ ಕೆಂಡ ಆಗಿದೆ. ಎಲ್ಲಿಗೆ?"

"ಮಣ್ಣು ಒಣಗಿಬಿಡುತ್ತೆ ಕಣೇ. ಮೇಷ್ಟ್ರಿಗೆ ಎದೆಯ ಭಾಗ ಇನ್ನೂ ಮುಗಿದಿಲ್ಲ."

"ನಿನ್ನ ಎದೆ ಮುಗೀತಾ ಬಂತು, ಅದು ಗೊತ್ತಾ? ಅದೇನು ಘನಕಾರ್ಯ ಅಪ್ಪಾ ಅಲ್ಲಿ? ಮೂರ್ತಿ ಕೆಳಗೆ ಅವರ ಹೆಸರು ಬರುತ್ತೆ. ನಿನ್ನ ಹೆಸರು ಎಲ್ಲಾದ್ರೂ ಇದೆಯಾ?"

ಅಪ್ಪ ಕೆಮ್ಮು ನಿಲ್ಲುವವರೆಗೂ ಕಾದ. ಆಮೇಲೆ ಕುತ್ತಿಗೆಯ ಗುಂಡಿ ಹಾಕಿಕೊಳ್ಳುತ್ತ, ಯಾರ ಮೇಲೂ ದೂರಿಲ್ಲದವನ ಹಾಗೆ ಹೇಳಿದ: "ಅಲ್ಲಿ ನನ್ನನ್ನ ನೋಡ್ತಾರೆ. ಇಲ್ಲಿ ಯಾರು ನೋಡ್ತಾರೆ?"

ಅವಳು ದಾರಿ ಬಿಟ್ಟಳು. ಅವನು ಮೆಟ್ಟಿಲಿಳಿಯುವ ಮೊದಲೇ ಬಾಗಿಲನ್ನು ದಡಾರನೆ ಹಾಕಿದಳು. ಆಮೇಲೆ ತನ್ನ ಕೆಲಸಕ್ಕೆ, ಕನ್ನಡಕದ ಅಂಗಡಿಗೆ, ಹೊರಟಳು. ಅಲ್ಲಿ ಅವಳು ದಿನವಿಡೀ ಗುರುತಿಲ್ಲದವರ ಮುಖಕ್ಕೆ ಮುಖ ಹತ್ತಿರ ತಂದು ಅವರ ಮೂಗಿನ ಅಗಲ, ಕಿವಿಯ ದೂರ ಅಳೆಯುತ್ತಿದ್ದಳು.

*

ಸಾವಿನ ಮನೆಯಲ್ಲಿ ಇಬ್ಬರು ಮೇಷ್ಟ್ರುಗಳಿದ್ದರು. ಬಕೆಟ್ಟು ತಂದವರು ಶಿಲ್ಪ ಕಲಿಸುವ ಮಣ್ಣಿನ ಮೇಷ್ಟ್ರು. ಇನ್ನೊಬ್ಬರು ಕಲೆ ಎಂದರೇನು ಎಂದು ಜೀವಮಾನವಿಡೀ ಪಾಠ ಹೇಳಿ ನಿವೃತ್ತರಾದವರು. ಅಪ್ಪ ಅವರನ್ನು ಪುಸ್ತಕದ ಮೇಷ್ಟ್ರು ಎನ್ನುತ್ತಿದ್ದ. ಅವರಿಗೆ ದನಿ ತಗ್ಗಿಸುವ ಅಭ್ಯಾಸವೇ ಇರಲಿಲ್ಲ.

"ಆಕೆ ಬೇಡ ಅಂದಿದ್ದೇ ಒಳ್ಳೇದಾಯ್ತು ಬಿಡಿ. ಇದ್ದ ಮುಖಾನ ಇದ್ದ ಹಾಗೇ ಎತ್ತಿಕೊಂಡ್ರೆ ಅದು ಕಲೆ ಹೇಗಾಗುತ್ತೆ? ಇಟ್ಟಿಗೆ ಮಾಡೋರೂ ಅಚ್ಚು ಹೊಡೀತಾರೆ."

"ಹೋಗೋದನ್ನ ಹಿಡಿದಿಟ್ಟುಕೊಳ್ಳೋದಕ್ಕಲ್ದೆ ಇನ್ಯಾತಕ್ಕೆ ಸ್ವಾಮಿ ಕಲೆ?" ಎಂದರು ಮಣ್ಣಿನ ಮೇಷ್ಟ್ರು.

"ಹಿಡಿದಿಡೋಕೆ ಫೋಟೋ ಇದೆ. ಕಲೆ ಅಂದ್ರೆ ಕಂಡಿದ್ದನ್ನ ಬೇರೆ ಏನೋ ಆಗಿಸೋದು. ನಿಮ್ಮ ವಿದ್ಯಾರ್ಥಿಗಳು ಇವನನ್ನ ರಾಜ ಮಾಡಿದ್ರು, ಸನ್ಯಾಸಿ ಮಾಡಿದ್ರು. ಕಲೆ ಹುಟ್ಟಿದ್ದು ಅಲ್ಲಿ."

ಪಕ್ಕದ ಮನೆಯ ಗ್ಯಾರೇಜಿನವನು ಕೈಕಟ್ಟಿ ಕೇಳಿಸಿಕೊಳ್ಳುತ್ತಿದ್ದ. "ಹಾಗಾದ್ರೆ ಸಾರ್, ರಾಜ ಸನ್ಯಾಸಿ ಆಗೋಕೆ ಮುಂಚೆ ನಮ್ಮ ಯಜಮಾನರು ಏನಾಗಿದ್ರು?"

"ಕಚ್ಚಾ ವಸ್ತು" ಎಂದುಬಿಟ್ಟರು ಪುಸ್ತಕದ ಮೇಷ್ಟ್ರು.

ಮಗಳಿಗೆ ಮೈಯೆಲ್ಲ ಉರಿದುಹೋಯಿತು.

"ಕೇಳಿಸ್ತಾ ಅತ್ತೆ? ಕಚ್ಚಾ ವಸ್ತುವಂತೆ! ಕೊನೆಕೊನೆಗೆ ಮಂಡಿ ಮಡಚೋಕೆ ಆಗ್ತಿರ್ಲಿಲ್ಲ ಈ ಕಚ್ಚಾ ವಸ್ತುವಿಗೆ. ದಿನಾ ಸಂಜೆ ಹಲ್ಲು ಕಚ್ಚಿಕೊಂಡು ಮೆಟ್ಟಿಲು ಹತ್ತಿ ಬರ್ತಿತ್ತು. ನಿಮ್ಮ ರಾಜನಿಗೆ ಮಂಡಿ ನೋವಿತ್ತಾ? ಸನ್ಯಾಸಿಗೆ ಕೆಮ್ಮಿತ್ತಾ? ಹೇಳಿ ಸಾರ್, ಅದನ್ನ ಯಾವ ಪುಸ್ತಕದಲ್ಲಿ ಬರೆದಿದ್ದಾರೆ?"

ಅವಳು ಅಡುಗೆಮನೆಯಿಂದ ಸ್ಟೂಲು ತಂದು ಕೋಣೆಯ ನಡುವೆ ಕುಕ್ಕಿ, ಮಣ್ಣಿನ ಮೇಷ್ಟ್ರ ಕಡೆ ತಿರುಗಿದಳು.

"ಕೂತ್ಕೊಳ್ಳಿ. ಹೋದ ವಾರ ಅಪ್ಪನ್ನ ಹೇಗೆ ಕೂರಿಸಿದ್ರೋ ಹಾಗೆ. ನಾನು ಸಾಕು ಅನ್ನೋವರೆಗೂ ಅಲುಗಾಡದೆ ಇದ್ರೆ ಮುಖ ನಿಮ್ಮದು."

"ಅಯ್ಯೋ, ಇದೇನೇ ಇದು!" ಎಂದಳು ಅತ್ತೆ.

ಮೇಷ್ಟ್ರು ಬಂದು ಕೂತರು. ಸೊಂಟವನ್ನು ಕಿಟಕಿಯತ್ತ ತಿರುಗಿಸಿ, ಒಂದು ಪಾದವನ್ನು ತುದಿಬೆರಳ ಮೇಲೆ ನಿಲ್ಲಿಸಿ, ಬಲಗೈಯನ್ನು ಭುಜದ ಎತ್ತರಕ್ಕೆ ಮುಂದೆ ಚಾಚಿದರು, ಯಾರಿಗೋ ಏನನ್ನೋ ಕೊಡುವವರ ಹಾಗೆ. ಆಗಷ್ಟೇ ಒಳಗೆ ಬಂದ ಮುದುಕರೊಬ್ಬರು ಆ ಚಾಚಿದ ಕೈಯನ್ನು ಕಂಡು, ಸಮಾಧಾನ ಹೇಳಬೇಕೆಂದುಕೊಂಡು ಹಿಡಿದು ಅಲುಗಿಸಿ ಹೋದರು. ಗ್ಯಾರೇಜಿನವನು ನಗು ತಡೆಯಲು ಗೋಡೆಗೆ ಮುಖ ಮಾಡಿದ. ಮಗಳು ನಗಲಿಲ್ಲ.

ಮೊದಲು ಬೆರಳು ನಡುಗಿದವು, ಆಮೇಲೆ ಮೊಣಕೈ. ಮೇಷ್ಟ್ರ ಹಣೆಯ ಬೆವರು ಹುಬ್ಬಿಗಿಳಿಯಿತು.

"ಕೆಳಗೆ ಬರ್ತಿದೆ" ಎಂದಳು. ಕೈ ಮೇಲೆ ಹೋಯಿತು. ಮತ್ತೆ ಇಳಿಯಿತು. ಕೊನೆಗೆ ತೊಡೆಯ ಮೇಲೆ ಬಿತ್ತು.

"ಆಗಲ್ಲಮ್ಮಾ. ನನ್ನ ಕೈಲಿ ಆಗಲ್ಲ."

"ಜ್ವರ ಇರೋದು ಗೊತ್ತಿತ್ತಾ ನಿಮಗೆ?"

"ಗೊತ್ತಿತ್ತು. ಮನೆಗೆ ಹೋಗಿ ಅಂದೆ. ಇರ್ಲಿ ಬಿಡಿ ಅಂದ್ರು." ಅವರು ಭುಜ ನೀವಿಕೊಂಡರು. "ಎರಡನೇ ಸಲ ನಾನು ಹೇಳ್ಲಿಲ್ಲ. ಕೆಲಸ ಚೆನ್ನಾಗಿ ಬರ್ತಾ ಇತ್ತು."

ಇಷ್ಟನ್ನು ಅವರ ಬಾಯಿಂದ ಕೇಳಬೇಕೆಂದೇ ಅವಳು ಬೆಳಗಿನಿಂದ ಹಟ ಹಿಡಿದದ್ದು. ಕೇಳಿದ ಮೇಲೆ ಏನೂ ಹಗುರಾಗಲಿಲ್ಲ. ಮೇಷ್ಟ್ರು ಬಕೆಟ್ಟು ಎತ್ತಿಕೊಂಡು ಹೊರಡಲು ಎದ್ದರು.

"ಅಣ್ಣ ಅಚ್ಚಿಗೆ ಒಪ್ಪಿದ್ದ ಕಣೇ" ಎಂದಳು ಅತ್ತೆ ಮೆಲ್ಲಗೆ. "ಆಸ್ಪತ್ರೇಲಿ ನನ್ನ ಹತ್ರ ಹೇಳಿದ. ಎಲ್ಲಾರೂ ನನ್ನನ್ನ ಯಾರ್‍ಯಾರನ್ನೋ ಮಾಡಿದ್ರು, ಕೊನೇಲಾದ್ರೂ ನಾನು ನಾನೇ ಆಗ್ತೀನಿ ಅಂದ."

"ನನಗ್ಯಾಕೆ ಹೇಳ್ಲಿಲ್ಲ?"

"ಹೆದರ್‍ತಿದ್ದ."

"ನನ್ನ ಕಂಡ್ರಾ?"

"ನೀನು ಅವನಿಗೆ ಬಾಯಿ ಬಿಡೋಕೆ ಬಿಟ್ಟಿದ್ದು ಯಾವಾಗ ಹೇಳು?"

ಅವಳಿಗೆ ಅತ್ತೆಯ ಮೇಲೆ ಸಿಟ್ಟು ಬಂತು. ಅದಕ್ಕಿಂತ ಹೆಚ್ಚಾಗಿ, ಏನನ್ನೂ ಹೇಳದೆ ಹೋಗಿ ಈಗ ಆರಾಮಾಗಿ ಕಣ್ಣು ಮುಚ್ಚಿಕೊಂಡು ಮಲಗಿದ ಅಪ್ಪನ ಮೇಲೆ.

"ಎಣ್ಣೆ ಇಲ್ಲಿ ಕೊಡಿ" ಎಂದಳು ಮೇಷ್ಟ್ರಿಗೆ. "ನಾನೇ ಹಚ್ತೀನಿ. ಬೇರೆ ಯಾರೂ ಮುಟ್ಟಬಾರದು."

*

ಹುಬ್ಬಿನ ಕೂದಲನ್ನು ಎಣ್ಣೆಯಲ್ಲಿ ಒತ್ತಿ ಮಲಗಿಸಬೇಕು, ಇಲ್ಲದಿದ್ದರೆ ಪ್ಲಾಸ್ಟರಿಗೆ ಅಂಟಿ ಕಿತ್ತುಬರುತ್ತದೆ ಎಂದು ಮೇಷ್ಟ್ರು ದೂರದಿಂದಲೇ ಹೇಳಿಕೊಟ್ಟರು. ಅವಳು ಹುಬ್ಬು ಒತ್ತಿದಳು, ಮೀಸೆ ಒತ್ತಿದಳು. ಚರ್ಮ ನೆಲದಂತೆ ತಣ್ಣಗಿತ್ತು. ಮೂಗಿನ ಎರಡೂ ಬದಿ ಬೆರಳಿಗೆ ಕುಳಿ ಸಿಕ್ಕಿತು, ಆಳವಾಗಿ, ಅಂಚು ಕಪ್ಪುಗಟ್ಟಿ. ಕನ್ನಡಕ ಬಿಗಿಯಾಗಿ ಕಚ್ಚಿದ ಗುರುತು. ಆ ಫ್ರೇಮನ್ನು ಅಂಗಡಿಯಿಂದ ತಂದುಕೊಟ್ಟವಳು ಅವಳೇ. ಅಳತೆ ನೋಡಿರಲಿಲ್ಲ. ಬಿಗಿ ಎಂದು ಅವನೂ ಒಂದು ದಿನ ಹೇಳಿರಲಿಲ್ಲ.

"ಬಾಯಿ ಇರ್ಲಿಲ್ವಾ ನಿನಗೆ?" ಎಂದು ಗದರಿ, ಆ ಕುಳಿಗಳಿಗೆ ಇನ್ನಷ್ಟು ಎಣ್ಣೆ ತುಂಬಿದಳು.

ಪ್ಲಾಸ್ಟರು ಮೊಸರಿನ ಹದಕ್ಕೆ ಬಂದಾಗ ಮೇಷ್ಟ್ರು ಬೋಗುಣಿಯನ್ನು ಮುಂದೆ ಚಾಚಿದರು. ಅವಳೇ ಹಣೆಯಿಂದ ಗದ್ದದವರೆಗೆ ಸುರಿದಳು. ಮುಖ ಮುಚ್ಚಿಹೋಯಿತು. ಎಲ್ಲರೂ ಅದು ಗಟ್ಟಿಯಾಗಲೆಂದು ಕಾದರು.

ಗಾಡಿ ಬಂದು ಹಾರನ್ ಹೊಡೆಯಿತು. ಮೇಷ್ಟ್ರು ಅಂಚನ್ನು ಉಗುರಿನಿಂದ ತಟ್ಟಿ ನೋಡಿದರು. "ಗಟ್ಟಿಯಾಯ್ತು. ಎತ್ತಲಾ?"

ಅವಳು ಕೆನ್ನೆಯಿರಬೇಕಾದ ಕಡೆ ಅಂಗೈ ಇಟ್ಟಳು. ತಟ್ಟನೆ ಹಿಂದಕ್ಕೆಳೆದುಕೊಂಡಳು. ಮತ್ತೆ ಇಟ್ಟಳು.

"ಬಿಸಿ ಇದೆ."

"ಅದು ಪ್ಲಾಸ್ಟರ್ ಗಟ್ಟಿಯಾಗುವಾಗ ಸಹಜವಾಗಿ..." ಎಂದು ಪುಸ್ತಕದ ಮೇಷ್ಟ್ರು ಶುರುಮಾಡಿದರು. ಗ್ಯಾರೇಜಿನವನು ಅವರ ತೋಳು ಹಿಡಿದು ಹೊರಗೆ ಕರೆದುಕೊಂಡು ಹೋದ.

ಹಾರನ್ ಮತ್ತೆ ಕೂಗಿತು. ಮೇಷ್ಟ್ರು ಅಚ್ಚಿನತ್ತ ಕೈ ಚಾಚಿದರು.

"ಮುಟ್ಟಿದ್ರೆ ಕೈ ಮುರೀತೀನಿ!"

ಅವಳು ಇನ್ನೊಂದು ಅಂಗೈಯನ್ನೂ ಇಟ್ಟು, ಆ ಬೆಚ್ಚನೆಯ ಬಿಳಿಯ ಮೇಲೆ ಪೂರ್ತಿ ಬಗ್ಗಿದಳು. ಹೊರಗೆ ಗಾಡಿಯವನು ಹಾರನ್ನಿನ ಮೇಲಿನ ಕೈ ತೆಗೆಯಲೇ ಇಲ್ಲ. ಅವಳೂ ಅಲುಗಾಡಲಿಲ್ಲ.