ಹೃದಯ ಟೈಪ್ ಮಾಡಿದ ಶೈಲಜಾ ಟೀಚರು

ನಮ್ಮ ಶಾಲೆಗೆ ಮೊದಲ ಕಂಪ್ಯೂಟರ್ ಬಂದದ್ದು ಇಪ್ಪತ್ತೆರಡು ವರ್ಷಗಳ ಹಿಂದೆ. ಮಕ್ತಲ್‌ನಿಂದ ಟ್ರ್ಯಾಕ್ಟರಿನಲ್ಲಿ, ಎರಡು ಗಾದಿಗಳ ನಡುವೆ ಮಲಗಿಕೊಂಡು ಬಂತು. ತೆಲಂಗಾಣದ ಗಡಿಯಲ್ಲಿ, ಉಟ್ಕೂರಿನ ಆಚೆಗಿದ್ದ ಆ ಕನ್ನಡ ಮಾಧ್ಯಮದ ಶಾಲೆಯಲ್ಲಿ ನಾನು ಆಗ ಹೊಸ ಟೀಚರು. ಮೂರು ತರಗತಿಗಳು ಒಂದೇ ಕೋಣೆಯಲ್ಲಿ ಕೂರುತ್ತಿದ್ದವು. ಕಂಪ್ಯೂಟರಿಗೆ ಮಾತ್ರ ಪ್ರತ್ಯೇಕ ಕೋಣೆ, ಕಿಟಕಿಗೆ ಪರದೆ, ಬಾಗಿಲಿಗೆ ಎರಡು ಬೀಗ. ಹೆಡ್‌ಮಾಸ್ಟರ್ ದೇವೇಂದ್ರಪ್ಪನವರು ಅದರ ಹಣೆಗೆ ವಿಭೂತಿ ಹಚ್ಚಿ ಕಾಯಿ ಒಡೆದರು. ನೀರು ಕೀಬೋರ್ಡಿನ ಮೇಲೆ ಸಿಡಿದಾಗ ತಮ್ಮ ಧೋತರದ ತುದಿಯಿಂದಲೇ ಒರೆಸಿದರು.

ವಾರಕ್ಕೊಮ್ಮೆ ನಾನು ಮಕ್ಕಳಿಗೆ ಚಪ್ಪಲಿ ಬಿಡಿಸಿ, ಸಾಲಾಗಿ ಕರೆದೊಯ್ದು ದರ್ಶನ ಮಾಡಿಸುತ್ತಿದ್ದೆ. ಒಮ್ಮೆ ಆನ್ ಮಾಡಿ ತೋರಿಸೋಣವೇ ಎಂದು ಕೇಳಿದೆ.

"ಕೊಟ್ಟಾರಂತ ಮುಟ್ಟಾಕ ಆಗ್ತೈತೇನ್ರಿ ಟೀಚರ್?" ಎಂದರು ದೇವೇಂದ್ರಪ್ಪನವರು. "ಖರಾಬ್ ಆದ್ರ ಇನ್‌ಸ್ಪೆಕ್ಷನ್‌ಗೆ ಬಂದೋರಿಗೆ ಏನ್ ತೋರಸೂದು?"

ಹೀಗೆ ಐದು ವರ್ಷ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಶಿಕ್ಷಣ ನಿರ್ವಿಘ್ನವಾಗಿ ನಡೆಯಿತು.

ಆರನೆಯ ವರ್ಷ, ಪ್ರಶ್ನೆಪತ್ರಿಕೆಗಳು ಕಂಪ್ಯೂಟರಿನಲ್ಲೇ ಆಗಬೇಕೆಂದು ಮೇಲಿನಿಂದ ಪತ್ರ ಬಂತು. ಬೀಗ ತೆಗೆಯಲೇಬೇಕಾಯಿತು. ನಾನು ಎರಡು ಬೆರಳಿನಲ್ಲಿ ನಾಲ್ಕು ದಿನ ಕುಟ್ಟಿ ಏಳನೆಯ ತರಗತಿಯ ವಿಜ್ಞಾನದ ಪತ್ರಿಕೆ ಮುಗಿಸಿದೆ. 'ಹೃದಯ' ಎಂಬ ಒಂದೇ ಪದಕ್ಕೆ ಅರ್ಧ ದಿನ ಹಿಡಿಯಿತು. ದೇವೇಂದ್ರಪ್ಪನವರು ಫ್ಲಾಪಿಯನ್ನು ಎದೆಯ ಜೇಬಿನಲ್ಲಿಟ್ಟುಕೊಂಡು ನಾರಾಯಣಪೇಟೆಗೆ ಹೋಗಿ ಒಂದು ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಯಾರೂ ನೋಡಬಾರದೆಂದು ಲಕೋಟೆಗೆ ಅರಗಿನ ಮುದ್ರೆ ಒತ್ತಿ ತಂದರು. ತಾವೂ ನೋಡಲಿಲ್ಲ.

ಪರೀಕ್ಷೆಯ ಬೆಳಿಗ್ಗೆ ಲಕೋಟೆ ಒಡೆದರೆ, ಅಂಗಡಿಯ ಕಂಪ್ಯೂಟರಿಗೆ ನಮ್ಮ ಕನ್ನಡದ ಫಾಂಟ್ ಗೊತ್ತಿರಲಿಲ್ಲ. ಕಾಗದದ ತುಂಬ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆಗೆ ಟೋಪಿ, ಹಿಂದೆ ಬಾಲ. ಹತ್ತೊಂಬತ್ತು ಮಕ್ಕಳು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮೊಗುಲಮ್ಮ ಎಂಬ ಹುಡುಗಿ ಒಂದೂ ತಪ್ಪಿಲ್ಲದಂತೆ ಅಷ್ಟನ್ನೂ ಉತ್ತರಪತ್ರಿಕೆಗೆ ನಕಲು ಮಾಡತೊಡಗಿದ್ದಳು. ನಾನು ಅವಳನ್ನು ನಿಲ್ಲಿಸಿ, ಸೀಮೆಸುಣ್ಣ ತೆಗೆದುಕೊಂಡು ಪ್ರಶ್ನೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದೆ. ಹತ್ತು ನಿಮಿಷ ಸಾಕಾಯಿತು. ನಾಲ್ಕು ದಿನಗಳನ್ನು ನೆನೆದು ಕಣ್ಣಲ್ಲಿ ನೀರು ಬಂತು. ಸುಣ್ಣದ ಧೂಳು ಎಂದು ಮಕ್ಕಳಿಗೆ ಹೇಳಿದೆ.

ದೇವೇಂದ್ರಪ್ಪನವರು ಪರೀಕ್ಷೆ ಸಂಪೂರ್ಣ ಕಂಪ್ಯೂಟರೀಕೃತವಾಗಿ ನಡೆಯಿತೆಂದು ವರದಿ ಕಳಿಸಿದರು. ಅದರ ಫಲವಾಗಿ ನನಗೆ ಕಂಪ್ಯೂಟರ್ ಪ್ರವೀಣೆ ಎಂಬ ಪ್ರಮಾಣಪತ್ರ ಬಂತು. ಪ್ರವೀಣೆಯಾದ ತಪ್ಪಿಗೆ, ಬೇರೆ ಶಿಕ್ಷಕರಿಗೆ ಕಲಿಸಲು ಗದ್ವಾಲಕ್ಕೆ ಕಳಿಸಿದರು. ಅಲ್ಲಿ ನಲವತ್ತು ಶಿಕ್ಷಕರು, ಒಂದು ಕಂಪ್ಯೂಟರು. ಹನ್ನೊಂದು ಗಂಟೆಗೆ ಕರೆಂಟು ಹೋಯಿತು. ನಾನು ಬೋರ್ಡಿನ ಮೇಲೆ ಕೀಬೋರ್ಡಿನ ಚಿತ್ರ ಬರೆದೆ. ಎಲ್ಲರೂ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಸಂಜೆಯವರೆಗೆ ಕಾಗದದ ಮೇಲೆ ಟೈಪಿಂಗ್ ಕಲಿತರು. ಗಟ್ಟು ಎಂಬ ಊರಿನಿಂದ ಬಂದಿದ್ದ ನರಸಯ್ಯ ಸಾರ್ ಅಂತೂ ಎರಡು ಹಾಳೆ ಹರಿಯುವಷ್ಟು ಶ್ರದ್ಧೆಯಿಂದ ಒತ್ತಿದರು.

ಈಗ ಎಲ್ಲವೂ ಫೋನಿನಲ್ಲಿ. ದಿನವೂ ವರದಿ ಕಳಿಸಬೇಕು. ಪ್ರವೀಣೆಯ ಬೆರಳುಗಳು ಇನ್ನೂ ಎರಡೇ. ಹೊಸದಾಗಿ ಬಂದ ಟೀಚರ್ ರಜಿನಿ ನನ್ನ ಮೇಲೆ ಕನಿಕರಪಟ್ಟು ಮೈಕಿನ ಗುರುತು ತೋರಿಸಿ, ಬಾಯಲ್ಲಿ ಹೇಳಿದರೆ ಅದೇ ಬರೆದುಕೊಳ್ಳುತ್ತದೆ ಎಂದಳು. ನಾನು ಹೇಳಿದೆ:

"ಇವತ್ತ ಹುಡುಗ್ರು ಕಮ್ಮಿ ಬಂದಾರ. ಹತ್ತಿ ಬಿಡಸಾಕ ಹೋಗ್ಯಾರ."

ಫೋನು ಬರೆದದ್ದು: 'ಇವತ್ತು ಹುಡುಗರು ಕಮ್ಮಿ ಭಂಡಾರ. ಹತ್ತಿ ಬಿಡು ಸಾಕು ಹೋಗಯ್ಯ.'

ರಜಿನಿ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಮೂರು ಸಲ ಹೇಳಿದೆ. ಅದು ಮೂರು ಸಲವೂ ಹೋಗಯ್ಯ ಎಂದಿತು. ಕಡೆಗೆ, ಇಂದು ವಿದ್ಯಾರ್ಥಿಗಳ ಹಾಜರಾತಿ ಕಡಿಮೆ ಇದೆ ಎಂದು ಪುಸ್ತಕದಂತೆ ನುಡಿದೆ. ಒಂದು ಒತ್ತೂ ತಪ್ಪದೆ ಬರೆದುಕೊಂಡಿತು.

"ನೋಡ್ರಿ ಮೇಡಂ, ಸರಿ ಮಾತಾಡಿದ್ರ ಅದಕ್ಕ ತಿಳಿತೈತಿ," ಎಂದಳು ರಜಿನಿ.

ಈ ಮಾತು ಚುಚ್ಚಿತು. ಏಕೆಂದರೆ ಅದು ನನ್ನದೇ ಮಾತು. ಇಪ್ಪತ್ತೆರಡು ವರ್ಷ ನಾನು ಮಕ್ಕಳ ನೋಟ್‌ಬುಕ್ಕಿನಲ್ಲಿ 'ಐತಿ' ಕಂಡಲ್ಲೆಲ್ಲ ಕೆಂಪು ಗೆರೆ ಎಳೆದು 'ಇದೆ' ಎಂದು ಬರೆದಿದ್ದೆ. ಸರಿಯಾಗಿ ಹೇಳು ಎಂದು ಮೂರು ಸಲ ಹೇಳಿಸಿದ್ದೆ. ಮೂರನೆಯ ಸಲಕ್ಕೆ ಕೆಲವರು ಸುಮ್ಮನಾಗಿಬಿಡುತ್ತಿದ್ದರು. ಸುಮ್ಮನಿರುವವರನ್ನು ನಾನು ಶಿಸ್ತಿನ ಮಕ್ಕಳೆಂದು ಹೊಗಳುತ್ತಿದ್ದೆ.

ಮರುದಿನ ಎರಡನೆಯ ತರಗತಿಯಲ್ಲಿ ನಿನ್ನೆ ಮನೆಯಲ್ಲಿ ಏನಾಯಿತು, ಒಂದು ವಾಕ್ಯ ಹೇಳಿ ಎಂದೆ. ಕುರುಬರ ಭೀಮಮ್ಮ, ವರ್ಷವಿಡೀ ಬಾಯಿ ಬಿಡದವಳು, ನೆಲ ನೋಡುತ್ತ ಮೆಲ್ಲಗೆ ಹೇಳಿದಳು:

"ನಮ್ಮ ಎಮ್ಮಿ ಈದೈತ್ರಿ."

ತಿದ್ದುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬೋರ್ಡಿನ ಮೇಲೆ ಬರೆದೆ. ಅವಳು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ತನ್ನ ಎಮ್ಮೆ ಬೋರ್ಡಿನ ಮೇಲೆ ಇರುವುದನ್ನು ಕಂಡು ತಲೆ ಎತ್ತಿದಳು. ಕರು ಹೆಣ್ಣೋ ಗಂಡೋ ಎಂದು ಕೇಳಿದೆ. ಬೆಲ್ ಹೊಡೆಯುವವರೆಗೂ ಅವಳೇ ಮಾತಾಡಿದಳು.